ಅಕ್ಕಡಿ ಬೇಸಾಯ

ಅಕ್ಕಡಿ ಬೇಸಾಯವು ಮುಖ್ಯ ಬೆಳೆಯ ಸಾಲುಗಳ ನಡುವೆ ಗೊತ್ತಾದ ಅಂತರದಲ್ಲಿ ಬೇರೆ ಜಾತಿಯ ಬೆಳೆಗಳನ್ನು ಒಡನಾಡಿಗಳಾಗಿ ಬಿತ್ತಿ ಬೆಳೆಯುವ ಸಾಂಪ್ರದಾಯಿಕ ಕೃಷಿ ಪದ್ಧತಿ. ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಇದು ತಲೆಮಾರುಗಳಿಂದ ರೂಢಿಯಲ್ಲಿದೆ. ಇಲ್ಲಿ ಮುಖ್ಯ ಬೆಳೆ ಸಾಮಾನ್ಯವಾಗಿ ರಾಗಿ. ಅದರೊಡನೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಮೊದಲಾದವುಗಳಲ್ಲಿ ಕೆಲವನ್ನು ರೈತನು ತನ್ನ ನೆಲಕ್ಕೂ ಮನೆಯ ಅಗತ್ಯಕ್ಕೂ ತಕ್ಕಂತೆ ಆರಿಸಿಕೊಳ್ಳುತ್ತಾನೆ. ಈ ಜೊತೆಬೆಳೆಗಳ ಸಾಲಿಗೆ 'ಅಕ್ಕಡಿ ಸಾಲು' ಎಂದೂ, ಅವುಗಳಿಂದ ದೊರೆಯುವ ಕಾಳಿಗೆ 'ಅಕ್ಕಡಿ ಕಾಳು' ಎಂದೂ ಹೆಸರು. ಆಧುನಿಕ ಕೃಷಿವಿಜ್ಞಾನವು ಅಂತರ ಬೆಳೆ, ಮಿಶ್ರ ಬೆಳೆ, ಸಹವರ್ತಿ ಬೆಳೆ ಎಂದು ಬೇರೆ ಬೇರೆಯಾಗಿ ವಿಂಗಡಿಸುವ ಮೂರು ಸಂಗತಿಗಳೂ ಅಕ್ಕಡಿಯಲ್ಲಿ ಒಂದೇ ಹೊಲದಲ್ಲಿ ಕೂಡಿ ಬರುತ್ತವೆ.

ಪ್ರದೇಶ ಮತ್ತು ಹವಾಮಾನ

ಬೆಂಗಳೂರು, ರಾಮನಗರಗಳ ಸುತ್ತಿನ ಗ್ರಾಮಾಂತರ ಭಾಗ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳು ಮತ್ತು ಮಂಡ್ಯ, ಹಾಸನ ಜಿಲ್ಲೆಗಳ ಒಣ ಭಾಗಗಳು ಈ ಪದ್ಧತಿಯ ನೆಲೆ. ಇಲ್ಲಿನ ನೆಲ ಬಹುಪಾಲು ಕೆಂಪು ಮಣ್ಣಿನದು; ನೀರನ್ನು ಬಹುಕಾಲ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೆಚ್ಚುತ್ತದೆ. ನಡುವಿನ ವಾರಗಳಲ್ಲಿ ಬಾನು ಯಾವಾಗ ಮುನಿಯುತ್ತದೆಂದು ಹೇಳಲು ಬರುವುದಿಲ್ಲ. ಒಂದೇ ಬೆಳೆಯನ್ನು ನೆಚ್ಚಿದವನಿಗೆ ಆ ಬೆಳೆ ಹೂಬಿಡುವ ಹದಿನೈದು ದಿನಗಳಲ್ಲಿ ಮಳೆ ತಪ್ಪಿದರೆ ವರ್ಷದ ಅನ್ನವೇ ತಪ್ಪಿದಂತೆ. ಅಕ್ಕಡಿಯ ಬೆಳೆಗಳು ಬೇರೆ ಬೇರೆ ತಿಂಗಳುಗಳಲ್ಲಿ ಹೂಬಿಟ್ಟು ಕಾಯಿಕಟ್ಟುವುದರಿಂದ ಯಾವುದೇ ಒಂದು ಒಣ ಅವಧಿ ಎಲ್ಲವನ್ನೂ ಒಟ್ಟಿಗೆ ಕೆಡಿಸಲಾರದು. ಈ ಪದ್ಧತಿಯ ತಿರುಳು ಇದೇ.

ಬಿತ್ತನೆ

ಮೇ ತಿಂಗಳ ಮಳೆಗೆ ಉತ್ತು ಹದಮಾಡಿಕೊಂಡ ಹೊಲದಲ್ಲಿ ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ, ಅಂದರೆ ಜೂನ್ ಕೊನೆಯಿಂದ ಜುಲೈವರೆಗೆ, ರಾಗಿಯನ್ನು ಕೂರಿಗೆಯಿಂದ ಬಿತ್ತುತ್ತಾರೆ. ಕೂರಿಗೆಯ ಮೇಲಿನ ಬಟ್ಟಲಿಗೆ ಹಾಕಿದ ಬೀಜ ಬಿದಿರಿನ ಕೊಳವೆಗಳ ಮೂಲಕ ಹಲವು ಸಾಲುಗಳಿಗೆ ಏಕಕಾಲಕ್ಕೆ ಇಳಿಯುತ್ತದೆ. ಅಕ್ಕಡಿ ಕಾಳಿಗೆ ಬೇರೆಯೇ ಸಾಧನ ಬೇಕು. ಒಂದೇ ಕೊಳವೆಯುಳ್ಳ 'ಸಡ್ಡೆ'ಯನ್ನು ಕೂರಿಗೆಗೆ ಹಗ್ಗದಿಂದ ಕಟ್ಟಿ ಹಿಂದೆ ಎಳೆದೊಯ್ಯುತ್ತಾರೆ. ಅದನ್ನು ಹಿಡಿದು ನಡೆಯುವವರು ಮಡಿಲಲ್ಲಿನ ಕಾಳನ್ನು ಒಂದೊಂದಾಗಿ ಅದರ ಬಾಯಿಗೆ ಬಿಡುತ್ತಾ ಹೋಗುತ್ತಾರೆ. ಬಹುಮಟ್ಟಿಗೆ ಇದು ಹೆಂಗಸರ ಕೆಲಸ. ಕಾಳು ದಟ್ಟವಾದರೆ ಅವರೆಯ ಬಳ್ಳಿ ರಾಗಿಯ ಮೇಲೆ ಹಬ್ಬಿ ಪೈರನ್ನು ಮಲಗಿಸುತ್ತದೆ. ತೆಳುವಾದರೆ ಸಾಲು ಬೋಳಾಗುತ್ತದೆ. ಬೆರಳಿನ ಹದವೊಂದೇ ಇಲ್ಲಿ ಅಳತೆ.

ಒಂದೇ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆಗಳನ್ನು ಬೆರೆಸಿ ಬಿಡುವ ರೂಢಿಯೂ ಇದೆ. ಹರಳನ್ನೂ ಜೋಳವನ್ನೂ ಹೊಲದ ಅಂಚಿನಲ್ಲಿ ಬಿತ್ತುವುದುಂಟು. ಪೈರು ಮೇಲೆದ್ದ ಮೇಲೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ. ಸಾಲುಗಳು ನೇರವಾಗಿದ್ದರೆ ಮಾತ್ರ ಎಡೆಕುಂಟೆ ಸಾಗುವುದರಿಂದ, ಅಕ್ಕಡಿಯು ಕಾಳುಗಳನ್ನು ಸುಮ್ಮನೆ ಕಲಸಿ ಚೆಲ್ಲುವ ಬಿತ್ತನೆಗಿಂತ ಬಹಳ ಶಿಸ್ತಿನದು.

ಬೆಳೆಗಳ ಒಡನಾಟ

ರಾಗಿಯ ಬೇರುಗಳು ನೆಲದ ಮೇಲ್ಪದರದಲ್ಲಿ ಜುಂಗುಜುಂಗಾಗಿ ಹರಡುತ್ತವೆ. ತೊಗರಿ ಮತ್ತು ಹರಳಿನ ತಾಯಿಬೇರುಗಳು ಆಳಕ್ಕಿಳಿದು, ರಾಗಿಗೆ ಎಟುಕದ ತೇವವನ್ನು ಹೀರುತ್ತವೆ. ಒಂದೇ ಹೊಲದ ನೀರಿಗಾಗಿ ಅವುಗಳ ನಡುವೆ ಪೈಪೋಟಿ ಇಲ್ಲವೆಂದಲ್ಲ. ಆದರೆ ಒಂದೇ ಜಾತಿಯ ಎರಡು ಗಿಡಗಳ ನಡುವಿನ ಪೈಪೋಟಿಗಿಂತ ಅದು ಕಡಿಮೆ.

ಕಾಲದ ಹಂಚಿಕೆ ಇದಕ್ಕಿಂತ ಸೂಕ್ಷ್ಮವಾದುದು. ನಾಡತಳಿಯ ಅವರೆ ಹಗಲಿನ ಅವಧಿಗೆ ಸ್ಪಂದಿಸುವ ಸಸ್ಯ. ಜುಲೈಯಲ್ಲಿ ಬಿತ್ತಿದರೂ ಹಗಲು ಸಾಕಷ್ಟು ಕಿರಿದಾಗುವವರೆಗೆ ಅದು ಹೂಬಿಡುವುದಿಲ್ಲ. ರಾಗಿ ತೆನೆಗಟ್ಟಿ ಮಾಗುವ ತಿಂಗಳುಗಳಲ್ಲಿ ಅವರೆ ಅದರ ನೆರಳಿನಲ್ಲಿ ಎಲೆ ಬಳ್ಳಿಗಳನ್ನಷ್ಟೇ ಬೆಳೆಸಿಕೊಂಡು ಕಾಯುತ್ತದೆ. ನವೆಂಬರ್ ಸುಮಾರಿಗೆ ರಾಗಿಯ ಕೊಯ್ಲಾದೊಡನೆ ಹೊಲವೆಲ್ಲ ಅದರದಾಗುತ್ತದೆ. ಹಿಂಗಾರಿನ ಉಳಿದ ತೇವ ಮತ್ತು ಮಾಗಿಯ ಇಬ್ಬನಿಯಲ್ಲಿ ಅದು ಹೂಬಿಟ್ಟು ಡಿಸೆಂಬರ್, ಜನವರಿಗಳಲ್ಲಿ ಕಾಯಿ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಅವಧಿಗೆ ಕಟ್ಟುಬೀಳದ 'ಹೆಬ್ಬಾಳ ಅವರೆ' ತಳಿಗಳನ್ನು ಹೊರತಂದ ಮೇಲೆ ವರ್ಷದ ಎಲ್ಲ ಕಾಲದಲ್ಲೂ ಅವರೆಕಾಯಿ ದೊರೆಯುವಂತಾಯಿತು. ಪ್ರತ್ಯೇಕ ಬೆಳೆಯಾಗಿ ಅವು ಲಾಭದಾಯಕ. ಆದರೆ ರಾಗಿ ಇನ್ನೂ ನಿಂತಿರುವಾಗಲೇ ಹೂಬಿಡುವ ಗಿಡಕ್ಕೆ ಅಕ್ಕಡಿ ಸಾಲು ಹೇಳಿದ ಜಾಗವಲ್ಲ. ತಡವಾಗಿ ಹೂಬಿಡುವುದು ನಾಡತಳಿಯ ಕುಂದೆಂದು ಕಾಣುವುದು ಅದನ್ನು ಒಂಟಿಯಾಗಿ ನೋಡಿದಾಗ ಮಾತ್ರ.

ದ್ವಿದಳ ಧಾನ್ಯಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಈ ಸಾರಜನಕ ಪಕ್ಕದ ರಾಗಿಗೆ ಅದೇ ವರ್ಷ ಧಾರಾಳವಾಗಿ ಹರಿದುಬರುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಉತ್ಪ್ರೇಕ್ಷೆ. ಹೆಚ್ಚಿನ ಪಾಲು ಗಿಡದಲ್ಲೇ ಉಳಿದು, ಉದುರಿದ ಎಲೆ ಮತ್ತು ಕೊಳೆತ ಬೇರುಗಳ ಮೂಲಕ ಮುಂದಿನ ಬೆಳೆಗೆ ಸಲ್ಲುತ್ತದೆ. ತೊಗರಿ ತನ್ನ ಎಲೆಗಳನ್ನು ಹೇರಳವಾಗಿ ಉದುರಿಸುವುದರಿಂದ ಈ ದೃಷ್ಟಿಯಿಂದ ಅದಕ್ಕೆ ವಿಶೇಷ ಸ್ಥಾನವಿದೆ.

ಕೀಟಗಳ ವಿಷಯದಲ್ಲಿ ಒಂದೊಂದು ಬೆಳೆಯದು ಒಂದೊಂದು ಬಗೆ. ಹರಳಿನ ಅಗಲವಾದ ಎಲೆ ಸ್ಪೊಡಾಪ್ಟೆರ ಜಾತಿಯ ಎಲೆ ತಿನ್ನುವ ಹುಳುವಿನ ಪತಂಗಕ್ಕೆ ಬಲು ಪ್ರಿಯ. ಅಲ್ಲಿ ಗುಂಪಾಗಿ ಇಟ್ಟ ಮೊಟ್ಟೆಗಳನ್ನು ಎಲೆಸಹಿತ ಕಿತ್ತು ನಾಶಪಡಿಸುವುದು ಸುಲಭ. ಕಡಲೆಕಾಯಿ, ಹೊಗೆಸೊಪ್ಪಿನ ಹೊಲಗಳ ಸುತ್ತಲೂ ಇದೇ ಕಾರಣಕ್ಕೆ ಹರಳನ್ನು ಬಲೆಬೆಳೆಯಾಗಿ ಹಾಕುತ್ತಾರೆ. ಹುಚ್ಚೆಳ್ಳಿನ ಹಳದಿ ಹೂ ಜೇನ್ನೊಣಗಳನ್ನು ಕರೆಯುತ್ತದೆ. ಹುಚ್ಚೆಳ್ಳು ಕಾಳುಕಟ್ಟಲು ಅವುಗಳ ನೆರವು ಬೇಕೇ ಬೇಕು. ಆ ಹೂಗಳ ಮಕರಂದವನ್ನೇ ಉಂಡು ಬದುಕುವ ಸಣ್ಣ ಪರತಂತ್ರ ಕಣಜಗಳು ಕಾಯಿಕೊರಕ ಹುಳುಗಳ ಮೇಲೂ ಎರಗುತ್ತವೆ. ಎತ್ತರವಾಗಿ ನಿಂತ ಜೋಳದ ದಂಟುಗಳ ಮೇಲೆ ಕಾಜಾಣದಂಥ ಹಕ್ಕಿಗಳು ಕುಳಿತು ಕೀಟಗಳನ್ನು ಹೆಕ್ಕುತ್ತವೆ. ತೊಗರಿ ಹೊಲಗಳಲ್ಲಿ ಹಕ್ಕಿಗಳಿಗಾಗಿ ನಡುನಡುವೆ ಜೋಳ ಬಿತ್ತಬೇಕೆಂದು ಕೃಷಿ ತಜ್ಞರು ಇಂದು ನೀಡುವ ಸಲಹೆಯ ಹಿಂದಿರುವುದೂ ಇದೇ ತತ್ತ್ವ.

ಕೊಯ್ಲು ಮತ್ತು ಮನೆವಾರ್ತೆ

ಅಕ್ಕಡಿ ಹೊಲದಲ್ಲಿ ಕೊಯ್ಲು ಒಂದು ದಿನದ ಸುಗ್ಗಿಯಲ್ಲ. ಮೊದಲು ಅಲಸಂದೆ ಮತ್ತು ಸಾಸಿವೆ, ಬಳಿಕ ಹುಚ್ಚೆಳ್ಳು, ಆಮೇಲೆ ರಾಗಿ, ಅನಂತರ ಅವರೆ, ಕೊನೆಗೆ ತೊಗರಿ ಮತ್ತು ಹರಳು ಮನೆ ಸೇರುತ್ತವೆ. ಸಂಕ್ರಾಂತಿಯಂದು ಬೇಯಿಸುವ ಅವರೆಕಾಯಿ, ಹಿತಕಿದ ಬೇಳೆಯ ಸಾರು, ಹುಚ್ಚೆಳ್ಳಿನ ಚಟ್ನಿ, ಮುದ್ದೆಗೆ ತೊಗರಿಯ ಸಾರು, ಒಗ್ಗರಣೆಗೆ ಸಾಸಿವೆ, ದೀಪಕ್ಕೆ ಹರಳೆಣ್ಣೆ, ಇಷ್ಟನ್ನೂ ಒಂದು ಹೊಲ ಪೂರೈಸುತ್ತಿತ್ತು. ಉಪ್ಪೊಂದನ್ನು ಬಿಟ್ಟರೆ ಅಡುಗೆಮನೆಗೆ ಅಂಗಡಿಯಿಂದ ತರಬೇಕಾದುದು ಹೆಚ್ಚೇನೂ ಇರುತ್ತಿರಲಿಲ್ಲ ಎನ್ನಬಹುದು. ರಾಗಿಹುಲ್ಲು, ಜೋಳದ ದಂಟು, ಅವರೆಯ ಹೊಟ್ಟು ದನಗಳಿಗೆ, ತೊಗರಿಕಡ್ಡಿ ಒಲೆಗೆ.

ರಾಗಿ ಪಿಷ್ಟ ಮತ್ತು ಸುಣ್ಣದಂಶಗಳಲ್ಲಿ ಸಮೃದ್ಧವಾದರೂ ಅದರ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಲೈಸೀನ್ ಹೆಚ್ಚು. ಹೊಲದಲ್ಲಿ ಜೊತೆಯಾಗಿ ಬೆಳೆದವು ತಟ್ಟೆಯಲ್ಲಿಯೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಬೀಜವನ್ನು ಕಾಪಿಡುವ ಹೊಣೆ ಹೆಂಗಸರದು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಕಾಳಿಗೆ ಬೂದಿ ಬೆರೆಸಿ ಮಡಕೆಯಲ್ಲಿಡುವುದು ಅವರ ವಿಧಾನಗಳು. ಯಾವ ಅವರೆಗೆ ಸೊಗಡು ಹೆಚ್ಚು, ಯಾವುದು ಬೇಗ ಬೇಯುತ್ತದೆ ಎಂಬ ಆಯ್ಕೆಯೂ ಅಡುಗೆ ಮಾಡುವವರದೇ ಆಗಿತ್ತು.

ಸಂಶೋಧನೆ ಮತ್ತು ಹೋಲಿಕೆ

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಒಣಬೇಸಾಯ ಸಂಶೋಧನೆಯು ಅಕ್ಕಡಿಯನ್ನು ಸರಳಗೊಳಿಸಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬಂಥ ನಿಗದಿತ ಅನುಪಾತಗಳನ್ನು ಶಿಫಾರಸು ಮಾಡಿದೆ. ಇಂಥ ಪ್ರಯೋಗಗಳಲ್ಲಿ ಬಳಸುವ ಅಳತೆಗೋಲು 'ಭೂ ಸಮಾನತಾ ಅನುಪಾತ'. ಉದಾಹರಣೆಗೆ, ಜೊತೆಯಾಗಿ ಬಿತ್ತಿದ ಒಂದು ಎಕರೆಯಲ್ಲಿ ರಾಗಿ ತನ್ನ ಪೂರ್ಣ ಇಳುವರಿಯ ಶೇಕಡ 80ನ್ನೂ ಅವರೆ ಶೇಕಡ 40ನ್ನೂ ಕೊಟ್ಟವೆನ್ನೋಣ. ಆಗ ಅನುಪಾತ 1.2. ಅಷ್ಟೇ ಫಸಲನ್ನು ಬೇರೆ ಬೇರೆಯಾಗಿ ಬೆಳೆಯಲು 1.2 ಎಕರೆ ಬೇಕಾಗುತ್ತಿತ್ತು ಎಂದರ್ಥ. ರಾಗಿಯೊಂದನ್ನೇ ತೂಗಿದರೆ ಅಕ್ಕಡಿ ಹೊಲ ಸೋತಂತೆ ಕಾಣುತ್ತದೆ. ಹೊಲವನ್ನೆಲ್ಲ ತೂಗಿದರೆ ಗೆಲ್ಲುತ್ತದೆ.

ತೋಟಗಾರಿಕೆಯಲ್ಲಿಯೂ ಇದೇ ತತ್ತ್ವ ಬಳಕೆಗೆ ಬಂದಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಟೊಮೆಟೊ ಕಾಯಿಕೊರಕಕ್ಕೆ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವನ್ನು ಸೂಚಿಸಿತು. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂವಿನದು 40 ದಿನ ದಾಟಿರಬೇಕು. ಎರಡೂ ಒಂದೇ ಹೊತ್ತಿಗೆ ಹೂಬಿಟ್ಟರಷ್ಟೇ ಪತಂಗ ಚೆಂಡುಹೂವಿನತ್ತ ತಿರುಗುತ್ತದೆ. ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆ 25 ಸಾಲುಗಳಿಗೊಮ್ಮೆ ಸಾಸಿವೆ ಬಿತ್ತುವ ವಿಧಾನವೂ ಅದೇ ಸಂಸ್ಥೆಯದು. ಹೊರನಾಡುಗಳಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ಕೂಡಿಸಿ ಬೆಳೆಯುವ 'ಮೂವರು ಸೋದರಿಯರು' ಪದ್ಧತಿ ಮತ್ತು ಭಾರತದೊಳಗೆ ಗಢವಾಲಿನ 'ಬಾರಾನಾಜಾ' ಅಕ್ಕಡಿಗೆ ಹತ್ತಿರದ ನಂಟರು.

ಇಳಿಮುಖ

ಅಕ್ಕಡಿ ಹಿಂದೆ ಸರಿಯಲು ಕಾರಣಗಳು ಹಲವು. 1980ರ ದಶಕದಿಂದ ಕೋಲಾರ, ಬೆಂಗಳೂರು ಸುತ್ತಿನ ರಾಗಿ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ಕೊಳವೆಬಾವಿ ಕೊರೆಸಿದವರು ತರಕಾರಿ, ಹಿಪ್ಪುನೇರಳೆಗಳತ್ತ ಹೊರಳಿದರು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರು ಬಂದಾಗ ಕೂರಿಗೆಯೊಡನೆ ಸಡ್ಡೆಯೂ ಅಟ್ಟ ಸೇರಿತು. ರಾಗಿಯನ್ನು ಕೊಯ್ದು ಒಕ್ಕುವ ಯಂತ್ರಕ್ಕೆ ನಡುವೆ ಹಸಿರಾಗಿ ನಿಂತ ಅವರೆ ಅಡ್ಡಿ. ಅಗಲ ಎಲೆಯ ಕಳೆಗಳನ್ನು ಕೊಲ್ಲುವ 2,4-ಡಿ ಕಳೆನಾಶಕವನ್ನು ರಾಗಿಗೆ ಸಿಂಪಡಿಸಿದರೆ ಅಕ್ಕಡಿಯ ದ್ವಿದಳ ಗಿಡಗಳೂ ಸಾಯುತ್ತವೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೂಗುವುದು ರಾಗಿಯನ್ನು. ಐದಾರು ಬಗೆಯ ಕಾಳು ಹತ್ತಿಪ್ಪತ್ತು ಸೇರಿನಂತೆ ಬಂದರೆ ಅದಕ್ಕೆ ಮಾರುಕಟ್ಟೆಯಲ್ಲಿ ಗಿರಾಕಿಯೇ ಇಲ್ಲ. ಕೂಲಿಯ ಅಭಾವವನ್ನೂ ಇದರೊಡನೆ ಸೇರಿಸಿದರೆ, ಅಕ್ಕಡಿ ಬಿಟ್ಟ ರೈತನನ್ನು ದೂರುವುದು ನ್ಯಾಯವಾಗದು.

ಆದರೆ ನಷ್ಟ ಲೆಕ್ಕಕ್ಕೆ ಸಿಗದ ಕಡೆಯಲ್ಲಿ ಆಗಿದೆ. ಮಾರಾಟಕ್ಕೆ ಹೋಗದ ಅಕ್ಕಡಿ ಕಾಳು ಇಳುವರಿಯ ಅಂಕಿಅಂಶಗಳಲ್ಲಿ ಸೇರುವುದು ಅಪರೂಪ. ಹಾಗಾಗಿ ಅದು ಇಲ್ಲವಾದುದೂ ಅವುಗಳಲ್ಲಿ ಕಾಣಿಸುವುದಿಲ್ಲ. ಮನೆಯ ಬೇಳೆ ಅಂಗಡಿಯದಾಯಿತು. ಬಿತ್ತದೆ ಉಳಿದ ಬೀಜ ಎರಡು ಮೂರು ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಒಂದು ಮನೆ ಅಕ್ಕಡಿ ನಿಲ್ಲಿಸಿದರೆ ಆ ಮನೆಯ ಅವರೆಯ ತಳಿಯೂ ಬೇಗನೆ ಅಳಿಯುತ್ತದೆ.

2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಸಂದರ್ಭದಲ್ಲಿ ರಾಗಿಗೆ ಹೊಸ ಮನ್ನಣೆ ದೊರೆಯಿತು. ಆ ಮನ್ನಣೆ ಬಹುಮಟ್ಟಿಗೆ ರಾಗಿಯೊಂದಕ್ಕೇ ಸಂದಿತು; ಅದರ ಜೊತೆಯ ಸಾಲುಗಳಿಗೆ ತಲುಪಲಿಲ್ಲ. ಸಾವಯವ ಕೃಷಿಕರು ಮತ್ತು ದೇಸಿ ಬೀಜಗಳನ್ನು ಉಳಿಸುವ ಆಸಕ್ತರು ಅಲ್ಲಲ್ಲಿ ಅಕ್ಕಡಿಯನ್ನು ಮುಂದುವರಿಸಿದ್ದಾರೆ. ಯಂತ್ರದಿಂದ ಕೊಯ್ಯುವವರು ರಾಗಿಯ ಪಟ್ಟೆಯೊಂದು, ತೊಗರಿಯ ಪಟ್ಟೆಯೊಂದು ಎಂಬಂತೆ ಅಗಲವಾಗಿ ಬಿತ್ತಿಕೊಳ್ಳಬಹುದು. ಬೇರುಗಳು ನೆರೆಹೊರೆಯಾಗಿ ಹೆಣೆದುಕೊಳ್ಳುವ ಲಾಭ ಇದರಲ್ಲಿ ಕಡಿಮೆಯಾದರೂ, ಮಳೆ ಕೈಕೊಟ್ಟ ವರ್ಷ ಎರಡರಲ್ಲೊಂದು ಬೆಳೆ ಉಳಿಯುವ ಭರವಸೆ ಹಾಗೆಯೇ ಇರುತ್ತದೆ.