ನುಂಗಲಾಗದ ತುತ್ತು: ಶ್ವಿದ್ನಿತ್ಸಾದ ಡ್ಯೂಕ್ ಬೋಲ್ಕೊ

ನಮ್ಮ ಹಾಸ್ಟೆಲ್‌ನಲ್ಲಿ ಮಧ್ಯಯುಗದ ಯೂರೋಪಿನ ಸ್ಟ್ರಾಟೆಜಿ ಗೇಮ್ ಆಡೋ ಒಂದು ಗುಂಪಿದೆ. ನಾನೂ ಅದರಲ್ಲೊಬ್ಬ. ಚಿಕ್ಕ ರಾಜ್ಯ ತಗೊಂಡು ಶುರು ಮಾಡಿದಾಗಲೆಲ್ಲ ಅರ್ಧ ಗಂಟೆಯೊಳಗೆ ಪಕ್ಕದ ದೊಡ್ಡ ರಾಜ ಬಂದು ನುಂಗಿಬಿಡ್ತಾನೆ. ಹಾಗಾಗಿ ನಿಜವಾಗಿಯೂ ಇಂಥ ಜಾಗದಲ್ಲಿ 42 ವರ್ಷ ಆಳಿದವನೊಬ್ಬ ಇದ್ದ ಅಂತ ಗೊತ್ತಾದಾಗ ಅವನ ಬೆನ್ನು ಹತ್ತಿದೆ. ಹೆಸರು ಎರಡನೇ ಬೋಲ್ಕೊ. ಊರು ಶ್ವಿದ್ನಿತ್ಸಾ, ಈಗಿನ ಪೋಲೆಂಡಿನ ನೈಋತ್ಯ ಮೂಲೆಯ ಸೈಲೀಷಿಯಾದಲ್ಲಿದೆ.

1138ರಲ್ಲಿ ಪೋಲೆಂಡಿನ ದೊರೆ ಮೂರನೇ ಬೊಲೆಸ್ವಾಫ್ ರಾಜ್ಯವನ್ನು ಮಕ್ಕಳಿಗೆ ಹಂಚಿ ಸತ್ತ. ಮುಂದೆ ಮೊಮ್ಮಕ್ಕಳು, ಮರಿಮಕ್ಕಳೂ ಪಾಲು ಕೇಳಿದರು. ನಮ್ಮ ಕಡೆ ಜಮೀನು ತುಂಡಾಗೋ ಥರಾನೇ. 1326ರಲ್ಲಿ ಬೋಲ್ಕೊ ಹದಿಹರೆಯದಲ್ಲೇ ಪಟ್ಟಕ್ಕೆ ಬಂದಾಗ ಸೈಲೀಷಿಯಾ ಪುಟ್ಟ ಪುಟ್ಟ ಡಚಿಗಳ ರಾಶಿಯಾಗಿತ್ತು. ದಕ್ಷಿಣದಲ್ಲಿ ಬೊಹೀಮಿಯಾದ ರಾಜ ಜಾನ್ ಕಾದು ಕೂತಿದ್ದ. 1327 ಮತ್ತು 1329ರಲ್ಲಿ ಹೆಚ್ಚಿನ ಡ್ಯೂಕ್‌ಗಳು ಅವನ ಸಾಮಂತರಾದರು. ಸಾಮಂತನಾದರೆ ಕುರ್ಚಿ ಉಳಿಯುತ್ತೆ, ಆದರೆ ಕರೆದಾಗ ಸೈನ್ಯ ತಗೊಂಡು ಹೋಗಬೇಕು, ವಂಶ ನಿಂತರೆ ನೆಲ ಒಡೆಯನಿಗೆ. ಬೋಲ್ಕೊ ತಲೆ ಬಾಗಿಸಲಿಲ್ಲ.

ಅವನಿಗಿದ್ದ ದೊಡ್ಡ ಆಸ್ತಿ ಅಂದ್ರೆ ತಾಯಿಯ ಕಡೆ ಸಂಬಂಧ. ಅಜ್ಜ ಪೋಲೆಂಡಿನ ರಾಜ ವ್ವಾದಿಸ್ವಾಫ್. ಕುಳ್ಳಗಿದ್ದ ಅಂತ ಅವನನ್ನು ವೊಕ್ಯೆತೆಕ್ ಅಂತಿದ್ದರು. ಪೋಲಿಷ್‌ನಲ್ಲಿ ವೊಕ್ಯೆಚ್ ಅಂದ್ರೆ ಮೊಳಕೈ, ಅಳತೆಯ ಮೊಳವೂ ಹೌದು. ನಮ್ಮಲ್ಲೂ ಎರಡಕ್ಕೂ ಒಂದೇ ಬೇರು, ನೋಡಿ! ಮೊಮ್ಮಗನಿಗೂ 'ಚಿಕ್ಕವ' ಅನ್ನೋ ಅಡ್ಡಹೆಸರೇ ಅಂಟಿತು. ಅಜ್ಜನ ನಂತರ ಸೋದರಮಾವ ಕಾಜಿಮೀರ್ ರಾಜನಾದ. ಮಾವ-ಅಳಿಯ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಆದರೆ 1335ರಲ್ಲಿ ಮಾವನೇ ಸೈಲೀಷಿಯಾದ ಮೇಲಿನ ಹಕ್ಕು ಬಿಟ್ಟುಕೊಡಲು ಒಪ್ಪಿದ. ಅಳಿಯ ಇನ್ನೊಂದು ದಾರಿ ಹುಡುಕಿ 1338ರಲ್ಲಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ಆಗ್ನೆಸ್‌ಳನ್ನು ಮದುವೆಯಾದ.

1345ರಲ್ಲಿ ಜಾನ್ ದಂಡೆತ್ತಿ ಬಂದ. ಆ ಹೊತ್ತಿಗೆ ಅವನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ, ಆದ್ರೂ ಯುದ್ಧ ಬಿಟ್ಟಿರಲಿಲ್ಲ. ಶ್ವಿದ್ನಿತ್ಸಾದ ಕೋಟೆಗೋಡೆ ತಡೆಯಿತು. ಮರುವರ್ಷ ಅವನು ಫ್ರಾನ್ಸಿನ ಕ್ರೆಸಿ ಕದನದಲ್ಲಿ ಸತ್ತ. ಅದೇ ವರ್ಷ ಚಿಕ್ಕಪ್ಪನ ಪಾಲಿನ ಯಾವೋರ್ ಕೂಡ ಬೋಲ್ಕೊಗೆ ಬಂತು.

ಗೋಡೆ ಇದ್ದದ್ದು ಕಲ್ಲಿನದು ಮಾತ್ರ ಅಲ್ಲ. ಊರಿಗೆ ವ್ಯಾಪಾರದ ದುಡ್ಡಿತ್ತು. ಶ್ವಿದ್ನಿತ್ಸಾದ ಬಿಯರ್ ದೂರದವರೆಗೆ ಹೆಸರಾಗಿತ್ತು (ಸಂಪಾದಕರು ಈ ವಾಕ್ಯ ಉಳಿಸಬೇಕು, ಇದು ಇತಿಹಾಸ). ಪಕ್ಕದ ವ್ರೊತ್ಸ್ವಾಫ್ ನಗರದ ಪುರಭವನದ ನೆಲಮಾಳಿಗೆಗೆ ಇವತ್ತಿಗೂ ಶ್ವಿದ್ನಿತ್ಸಾದ ಹೆಸರೇ ಇದೆ.

ಬೋಲ್ಕೊನ ನಿಜವಾದ ತೊಂದರೆ ಮನೆಯೊಳಗಿತ್ತು. ಮಕ್ಕಳಿರಲಿಲ್ಲ. ವಾರಸುದಾರಳು ತೀರಿಕೊಂಡ ತಮ್ಮನ ಮಗಳು ಅನ್ನಾ. ಜಾನನ ಮಗ ನಾಲ್ಕನೇ ಚಾರ್ಲ್ಸ್ ಅಪ್ಪನಿಗಿಂತ ಚಾಣಾಕ್ಷ, ಕತ್ತಿ ಬಿಟ್ಟು ಸಂಬಂಧ ಕೇಳಿದ. ಅನ್ನಾಗೆ ಮೊದಲು ಗೊತ್ತಾಗಿದ್ದ ವರ ಚಾರ್ಲ್ಸ್‌ನ ಹಸುಗೂಸು ಮಗ. ಆ ಮಗು 1351ರಲ್ಲಿ ಸತ್ತಿತು. 1353ರ ಆರಂಭದಲ್ಲಿ ಚಾರ್ಲ್ಸ್‌ನ ಹೆಂಡತಿಯೂ ತೀರಿಕೊಂಡಳು. ಅದೇ ವರ್ಷದ ಮೇ ತಿಂಗಳಲ್ಲಿ ಮಾವ ಆಗಬೇಕಿದ್ದವನೇ ಗಂಡನಾದ. ಹುಡುಗಿಗೆ ಹದಿನಾಲ್ಕರ ಸುಮಾರು. ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ. ಇಡೀ ಕಥೆಯಲ್ಲಿ ನನಗೆ ಖುಷಿ ಕೊಡದ ಭಾಗ ಇದೊಂದೇ.

ಬದಲಿಗೆ ಬೋಲ್ಕೊಗೆ ಸಿಕ್ಕಿದ್ದು: ತಾನು ಇರುವಷ್ಟು ದಿನ ಯಾರ ಸಾಮಂತನೂ ಅಲ್ಲ. ತನ್ನ ನಂತರ ಆಗ್ನೆಸ್ ಬದುಕಿರುವವರೆಗೂ ರಾಜ್ಯ ಅವಳದ್ದು. ಆಮೇಲಷ್ಟೇ ಬೊಹೀಮಿಯಾಕ್ಕೆ.

ಅವನು ಸೋತ ಅಂತ ಕೆಲವರು ಹೇಳಬಹುದು. ನನಗೆ ಹಾಗನ್ನಿಸಲ್ಲ. ಕಾಯೋದಕ್ಕೆ ಮಗನೇ ಇಲ್ಲದವನು ರಾಜ್ಯದ ಬದಲು ಕಾಲವನ್ನು ಗಳಿಸಿಕೊಂಡ. 1364ರಲ್ಲಿ ಲೋವರ್ ಲುಸೇಷಿಯಾ ಅನ್ನೋ ಪ್ರದೇಶವನ್ನು ದುಡ್ಡು ಕೊಟ್ಟು ತಗೊಂಡು ರಾಜ್ಯ ದೊಡ್ಡದು ಮಾಡಿದ. 1368ರಲ್ಲಿ ಸತ್ತಾಗ ಅವನು ಸೈಲೀಷಿಯಾದ ಕೊನೆಯ ಸ್ವತಂತ್ರ ಡ್ಯೂಕ್. ಕ್ಶೆಶೂಫ್ ಮಠದಲ್ಲಿ ಅವನ ಸಮಾಧಿ ಇದೆ. ಆಗ್ನೆಸ್ ಇನ್ನೂ 24 ವರ್ಷ ಆಳಿದಳು. 1392ರಲ್ಲಿ ಅವಳು ತೀರಿಕೊಂಡಾಗ ರಾಜ್ಯ ಸೇರಿದ್ದು ಬೊಹೀಮಿಯಾದ ರಾಜ ವೆನ್ಸೆಸ್ಲಾಸ್‌ಗೆ. ಅವನು ಅನ್ನಾಳ ಮಗ, ಸಂಬಂಧದಲ್ಲಿ ಬೋಲ್ಕೊಗೆ ಮೊಮ್ಮಗ.