ಕಡ ತಂದ ಅಕ್ಷರದ ಆಯಸ್ಸು

ಸೊಲ್ಲಾಪುರದಿಂದ ಅಕ್ಕಲಕೋಟೆಯ ಬಸ್ಸು ಹತ್ತಿದರೆ ಮರಾಠಿಯ ಜೊತೆಗೇ ಕನ್ನಡವೂ ಕಿವಿಗೆ ಬೀಳುತ್ತದೆ. ಈ ಎರಡು ಊರುಗಳ ಹೆಸರನ್ನೇ ಕಂಪ್ಯೂಟರಿಗೆ ಕೊಟ್ಟು ನೋಡೋಣ. ರಸ್ಟ್ ಭಾಷೆಯ ಪುಟ್ಟ ಪ್ರೋಗ್ರಾಮು: ಕಮಾಂಡ್ ಲೈನಿನಲ್ಲಿ ‘ಸೊಲ್ಲಾಪುರ,ಅಕ್ಕಲಕೋಟೆ’ ಎಂದು ಟೈಪಿಸಿದರೆ ಅದು ಎರಡನೆಯ ಊರನ್ನು ಹೇಳಬೇಕು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು; ದೇವನಾಗರಿಗೂ ಇದೇ ಲೆಕ್ಕ. ಅಕ್ಕಲಕೋಟೆ ಓದುವಾಗ ಐದೇ ಅಕ್ಷರ. ಒತ್ತು, ಸ್ವರಚಿಹ್ನೆ ಬಿಡಿಸಿದರೆ 9 ಸಂಕೇತ, 27 ಬೈಟ್. ಸೊಲ್ಲಾಪುರಕ್ಕೂ 27, ಅಲ್ಪವಿರಾಮಕ್ಕೆ 1, ಒಟ್ಟು 55. ಇಷ್ಟಕ್ಕೂ ಯಜಮಾನ ‘ಸ್ಟ್ರಿಂಗ್’. ಅದರೊಳಗಿನ ಅಕ್ಕಲಕೋಟೆಯನ್ನು ಕೇಳಿದರೆ ಸಿಗುವುದು ‘ಸ್ಲೈಸ್’ ಎಂಬ ಚೀಟಿ: ಎಲ್ಲಿಂದ ಶುರು, ಎಷ್ಟು ಉದ್ದ. ಅಕ್ಷರಗಳು ಯಜಮಾನನ ಮನೆಯಲ್ಲೇ ಇರುತ್ತವೆ, ಚೀಟಿ ಬರೀ ಕಡ.

ಹೊಸಬರು ಸಾಲನ್ನು ಫಂಕ್ಷನ್ನಿನೊಳಗೇ ಓದಿ, ಸ್ಲೈಸನ್ನು ಹೊರಗೆ ಕಳಿಸುತ್ತಾರೆ. ಕಂಪೈಲರ್ ತಡೆಯುತ್ತದೆ: ದೋಷ ಇ0106, ಆಯಸ್ಸು ಅಂದರೆ ಲೈಫ್‌ಟೈಮ್ ಬರೆದಿಲ್ಲ. ಸರಿ ಎಂದು, ಪ್ರೋಗ್ರಾಮು ಮುಗಿಯುವವರೆಗೂ ಬಾಳುತ್ತದೆ ಎನ್ನುವ ‘ಸ್ಟ್ಯಾಟಿಕ್’ ಗುರುತು ಅಂಟಿಸಿದರೆ ಇನ್ನೊಂದು ತಕರಾರು, ಇ0515. ಫಂಕ್ಷನ್ ಮುಗಿಯುತ್ತಲೇ ಸ್ಟ್ರಿಂಗ್ ಅಳಿಯುತ್ತದೆ. ಚೀಟಿಯಲ್ಲಿರುವ ವಿಳಾಸದಲ್ಲಿ ಮನೆಯೇ ಇರುವುದಿಲ್ಲ. ಜಾತಕದಲ್ಲಿ ನೂರು ವರ್ಷ ಎಂದು ಬರೆದ ಮಾತ್ರಕ್ಕೆ ಆಯಸ್ಸು ಬೆಳೆದೀತೆ?

ಸಿ ಭಾಷೆಯಲ್ಲಿ ಇಂಥ ಚೀಟಿ ದಾಟಿಹೋಗಬಹುದು. ಆಮೇಲೆ ಪರದೆಯ ಮೇಲೆ ಕಸ ಮೂಡುತ್ತದೆ, ಇಲ್ಲವೇ ಪ್ರೋಗ್ರಾಮು ಕುಸಿಯುತ್ತದೆ. 2006ರಲ್ಲಿ ಪ್ರೋಗ್ರಾಮರ್ ಗ್ರೇಡನ್ ಹೋರ್ ಅವರ ಕಟ್ಟಡದ ಲಿಫ್ಟು ಸಾಫ್ಟ್‌ವೇರ್ ಕೆಟ್ಟು ನಿಂತಿತ್ತು. 21ನೇ ಮಹಡಿಗೆ ಮೆಟ್ಟಿಲು ಹತ್ತಿದ ಅವರು ರಸ್ಟ್ ಭಾಷೆಯನ್ನು ಶುರು ಮಾಡಿದರು. ಅದರ 1.0 ಆವೃತ್ತಿ ಬಂದದ್ದು 2015ರ ಮೇನಲ್ಲಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ನಡೆಯದು: ಯಜಮಾನನಿಗಿಂತ ಕಡ ಹೆಚ್ಚು ದಿನ ಬಾಳುವಂತಿಲ್ಲ.

ಪರಿಹಾರ ಎರಡು. ಒಂದು, ಆ 27 ಬೈಟ್‌ಗಳನ್ನು ನಕಲಿಸಿ ಹೊಸ ಸ್ಟ್ರಿಂಗ್ ಮಾಡಿ ಒಡೆತನದ ಸಮೇತ ಕೊಟ್ಟುಬಿಡುವುದು. ಎರಡು, ಸಾಲನ್ನು ‘ಮೇನ್’ ಫಂಕ್ಷನ್ನಿನಲ್ಲೇ ಓದಿ ಇಟ್ಟುಕೊಂಡು ಒಳಗಿನ ಫಂಕ್ಷನ್ನಿಗೆ ಕಡ ಕೊಡುವುದು. ಆಗ ಯಜಮಾನ ಕೊನೆಯವರೆಗೂ ಇರುತ್ತಾನೆ, ನಕಲಿನ ಖರ್ಚಿಲ್ಲ, ಲೈಫ್‌ಟೈಮ್ ಗುರುತನ್ನೂ ಬರೆಯಬೇಕಿಲ್ಲ. ಕಡ ಬಂದದ್ದು ಒಂದೇ ಕಡೆಯಿಂದಾದ್ದರಿಂದ ಕಂಪೈಲರೇ ಊಹಿಸಿಕೊಳ್ಳುತ್ತದೆ. ಎರಡು ಕಡೆಯಿಂದ ಕಡ ತಂದು ಒಂದನ್ನು ಮರಳಿಸುವಾಗ ಅದು ಕೇಳುತ್ತದೆ: ಇದು ಯಾರ ಮನೆಯದು?