ಹಸಿ ಹಾಪ್ಸ್‌ನ ಪಿಲ್ಸ್‌ನರ್

ಪ್ರಶ್ನೆ: ಜರ್ಮನಿಯಲ್ಲಿ ಹಸಿ ಹಾಪ್ಸ್ ಹಾಕಿದ ಪಿಲ್ಸ್‌ನರ್ ಬಿಯರ್ ಸಿಗುತ್ತದಂತೆ. ರುಚಿಯಲ್ಲೇನು ವಿಶೇಷ? ಕುಡಿಯುವುದು ಹೇಗೆ?

ಉತ್ತರ: ಬಿಯರ್‌ಗೆ ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ಸ್ ಒಂದು ಬಳ್ಳಿಯ ಹೂವು. ಬವೇರಿಯಾದ ಹಾಲರ್ಟೌ, ಬೋಡನ್ ಸರೋವರದ ಬಳಿಯ ಟೆಟ್ನಾಂಗ್ ಕಡೆ ಇದರ ಕೊಯ್ಲು ಆಗಸ್ಟ್ ಕೊನೆಗೆ ಶುರು. ಹಸಿ ಹೂವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಬೇಗ ಕೆಡುವುದರಿಂದ ಕೊಯ್ದೊಡನೆ ಒಣಗಿಸುವುದು ವಾಡಿಕೆ. ಹಾಗೆ ಒಣಗಿಸದೆ, ಸಾಮಾನ್ಯವಾಗಿ ಒಂದು ದಿನದೊಳಗೆ ಬಿಯರ್‌ಗೆ ಹಾಕಿದರೆ ಅದೇ ನೀವು ಕೇಳಿದ ಬಿಯರ್. ಒಣ ಹಾಪ್ಸ್‌ಗಿಂತ ಹಲವು ಪಟ್ಟು ತೂಕ ಬೇಕು. ಹಸಿ ಕರಿಬೇವಿಗೂ ಒಣಗಿದ್ದಕ್ಕೂ ಇರುವಂಥ ಅಂತರ ಇಲ್ಲೂ ಇದೆ: ಆಗಷ್ಟೇ ಕೊಯ್ದ ಹುಲ್ಲು, ಕಾಡುಹೂವು, ನಿಂಬೆಸಿಪ್ಪೆಯ ವಾಸನೆ, ಕೊನೆಗೆ ಚುರುಕಾದ ಕಹಿ.

ಐಸ್‌ನಂತೆ ತಣ್ಣಗಾದರೆ ಈ ಕಂಪು ಮೂಗಿಗೆ ಸಿಗದು. 6ರಿಂದ 8 ಡಿಗ್ರಿ ಸೆಲ್ಸಿಯಸ್ ಸಾಕು. ಜಿಡ್ಡಿಲ್ಲದ, ಎತ್ತರದ ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ನೊರೆ ಬರುವಂತೆ ಸುರಿಯಿರಿ. ಜೊತೆಗೆ ಖಾರದ ಕಾಂಗ್ರೆಸ್ ಕಡಲೆಕಾಯಿ ಬೇಡ ಅನ್ನುವುದು ನನ್ನ ಹಟ. ತಿಂಗಳುಗಟ್ಟಲೆ ಕೂಡಿಡಬೇಡಿ, ಕಂಪು ಇಳಿಯುತ್ತದೆ. ಹಸಿರು ಬಾಟಲಿಯಾದರೆ ಬಿಸಿಲಿಗೆ ಇಡಲೇಬೇಡಿ; ಬೆಳಕು ತಗುಲಿದ ಹಾಪ್ಸ್ ನಾರತೊಡಗುತ್ತದೆ.